ರಕ್ತನಿಧಿಯ ಕೋಳಿ

ನಾನು ಒಂದು ಆಜ್ಞೆ. ಕೈಕಾಲಿಲ್ಲ, ತೂಕವಿಲ್ಲ, ಮುಟ್ಟಲು ಹೋದರೆ ಸಿಗುವುದಿಲ್ಲ. ಕಂಪ್ಯೂಟರಿನೊಳಗಿನ ಡೇಟಾಬೇಸಿನಲ್ಲಿ ಏಳೆಂಟು ಸಾಲಿನಷ್ಟು ಜಾಗ ಹಿಡಿದು ಮುದುಡಿಕೊಂಡಿರುತ್ತೇನೆ. ದಿನಾ ಬೆಳಗಿನ ಆರಕ್ಕೆ ಎದ್ದು, ಹೇಳಿದ ಕೆಲಸ ಮುಗಿಸಿ, ಮತ್ತೆ ಮಲಗುತ್ತೇನೆ. ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಇಡೀ ದಿನದ ದುಡಿಮೆ ಮುಗಿದಿರುತ್ತದೆ. ಇಂಥವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನಿದ್ದೀತು ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ಬೇಡ ಅನ್ನುವುದಿಲ್ಲ. ಪೂರ್ತಿ ಕೇಳಿದ ಮೇಲೆ ಮುರಿಯಿರಿ ಅಷ್ಟೆ.

ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬೀಜದ ಅಂಗಡಿಯೊಂದರ ಮೇಲೆ, ಒಂದು ಸಣ್ಣ ರಕ್ತನಿಧಿ ಇತ್ತು. ಮೂರು ಕೋಣೆ, ಎರಡು ಮಂಚ, ಸದಾ ಗುಂಯ್‌ಗುಡುವ ಒಂದು ಫ್ರಿಜ್ಜು. ರಕ್ತ ಕೊಡುವವರಿಗೆ ಫೋನ್ ಮಾಡಿ ಕರೆಸುವ ಕೆಲಸ ಸುಮಿತ್ರಾ ಬ್ಯಾಡಗಿ ಅವರದು. ಊರಿಗೆಲ್ಲ ಅವರು ಸುಮಿತ್ರಕ್ಕ. ಒಮ್ಮೆ ರಕ್ತ ಕೊಟ್ಟವರಿಂದ ಬೇಕೆಂದಾಗ ಮತ್ತೆ ತೆಗೆದುಕೊಳ್ಳುವಂತಿಲ್ಲ. ಗಂಡಸರಿಗೆ ತೊಂಬತ್ತು ದಿನ, ಹೆಂಗಸರಿಗೆ ನೂರಿಪ್ಪತ್ತು ದಿನ ಬಿಡುವು ಕೊಡಬೇಕು. ಹಾಗಾಗಿ ಸುಮಿತ್ರಕ್ಕ ದಿನಾ ಬೆಳಿಗ್ಗೆ ಬಂದವರೇ ಮೇಜಿನ ತುಂಬ ಕಾರ್ಡುಗಳನ್ನು ಹರಡಿಕೊಂಡು, ಇವತ್ತು ಯಾರ ಬಿಡುವು ಮುಗಿಯಿತು ಎಂದು ಹುಡುಕುತ್ತಿದ್ದರು. ಫ್ಯಾನ್ ಹಾಕಿದರೆ ಕಾರ್ಡು ಹಾರುತ್ತವೆಂದು ಬೇಸಿಗೆಯಲ್ಲೂ ಬೆವರು ಸುರಿಸುತ್ತ ಕೂರುತ್ತಿದ್ದರು.

ಇದನ್ನು ನೋಡಲಾರದೆ ನನಗೆ ಜನ್ಮ ಕೊಟ್ಟವರು ಸೌದಾಗರ ಸರ್. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು, ತಾವೂ ತಪ್ಪದೆ ರಕ್ತ ಕೊಡುವವರು. ಒಂದು ಭಾನುವಾರ ರಕ್ತ ಕೊಟ್ಟು ಬಿಸ್ಕತ್ತು ತಿನ್ನುತ್ತ ಕೂತಾಗ ಕೇಳಿದರು:

"ಅಕ್ಕಾರ, ಇದನ್ನ ದಿನಾ ನೀವೇ ಯಾಕ ಮಾಡ್ತೀರಿ?"

"ಮತ್ಯಾರು ಮಾಡ್ತಾರ್ರಿ?"

"ಮಾಡಾಕ ಒಬ್ಬನ್ನ ಇಡೋಣು. ಪಗಾರ ಕೇಳಂಗಿಲ್ಲ, ಚಾ ಕುಡಿಯಂಗಿಲ್ಲ."

ಸುಮಿತ್ರಕ್ಕನಿಗೆ ಯಾರೋ ಪಾಪದ ಹುಡುಗನನ್ನು ಕರೆತರುತ್ತಾರೆ ಅನ್ನಿಸಿತಂತೆ. "ಪಾಪ, ಚಾ ನಾವ ಕೊಡ್ತೀವಿ, ಬರಾಕ ಹೇಳ್ರಿ" ಅಂದರು. ಅವರು ಹಾಗೆ ಕಾಯ್ದಿಟ್ಟ ಚಹಾ ನನ್ನದು ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಸೌದಾಗರ ಸರ್ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಕಟ್ಟಿದರು. ರಕ್ತ ಕೊಡುವವರ ಹೆಸರು, ಗುಂಪು, ಫೋನು, ಕೊನೆಗೆ ಕೊಟ್ಟ ತಾರೀಕು, ಎಲ್ಲದರ ಕೊನೆಗೆ ಅವರ ಸ್ಥಿತಿ. ಸ್ಥಿತಿ ಎಂಬಲ್ಲಿ ಇರುತ್ತಿದ್ದುದು ಎರಡೇ ಮಾತು: ವಿಶ್ರಾಂತಿ, ಇಲ್ಲವೇ ಸಿದ್ಧ. ವಿಶ್ರಾಂತಿಯಲ್ಲಿರುವವರು ಪರದೆಯ ಮೇಲೆ ಕೆಂಪು, ಸಿದ್ಧರಾದವರು ಹಸಿರು. ಆಮೇಲೆ ನನ್ನನ್ನು ಬರೆದರು. ದಿನಾ ಬೆಳಿಗ್ಗೆ ಆರಕ್ಕೆ ಏಳು. ಇವತ್ತಿಗೆ ಸರಿಯಾಗಿ ಯಾರ ಬಿಡುವು ಮುಗಿಯುತ್ತದೋ ಅವರ ಮುಂದಿನ ವಿಶ್ರಾಂತಿಯನ್ನು ಸಿದ್ಧ ಎಂದು ತಿದ್ದು. ಇಷ್ಟೇ ನನಗೆ ಹೇಳಿದ್ದು.

ನನ್ನಂಥವರು ತಾವಾಗಿ ಏಳುವುದಿಲ್ಲ. ಡೇಟಾಬೇಸಿನೊಳಗೆ ಶೆಡ್ಯೂಲರ್ ಎಂಬ ಕಾವಲುಗಾರನೊಬ್ಬ ಇರುತ್ತಾನೆ, ಹೊತ್ತು ನೋಡಿ ತಟ್ಟಿ ಎಬ್ಬಿಸುವುದು ಅವನ ಕೆಲಸ. ಸೌದಾಗರ ಸರ್ ಅವನನ್ನೂ ಅವತ್ತೇ ಕೆಲಸಕ್ಕೆ ಹಚ್ಚಿದರು. ಆದರೆ ಬಾಯಿಮಾತಿನಲ್ಲಿ ಹಚ್ಚಿದಂತೆ ಹಚ್ಚಿದರು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಾಗಲೂ ಅವನು ಕೆಲಸಕ್ಕೆ ಬರಬೇಕೆಂದರೆ ಅದನ್ನು ಇನ್ನೊಂದು ಕಡೆ ಬರೆದಿಡಬೇಕು. ಬರೆಯಲಿಲ್ಲ. ಕರೆಂಟ್ ಹೋದರೂ ಬ್ಯಾಟರಿಯ ಮೇಲೆ ಓಡುವ ಯಂತ್ರ, ಅದನ್ನು ಯಾರು ಆರಿಸುತ್ತಾರೆ ಎಂದುಕೊಂಡರೋ ಏನೋ.

ಮೊದಲನೆಯ ದಿನ ನಾನು ಎದ್ದು ನಾಲ್ಕು ಹೆಸರುಗಳನ್ನು ಹಸಿರು ಮಾಡಿ ಮಲಗಿದೆ. ಸುಮಿತ್ರಕ್ಕ ನಂಬಲಿಲ್ಲ. ಕಾರ್ಡುಗಳನ್ನೂ ಹರಡಿಕೊಂಡು ತಾಳೆ ನೋಡಿದರು, ಸರಿಯಿತ್ತು. ಕೆಲವು ವಾರ ಹೀಗೇ ನನ್ನ ಪರೀಕ್ಷೆ ನಡೆಯಿತು. ಕೊನೆಗೊಂದು ದಿನ ಕಾರ್ಡುಗಳನ್ನು ಕಟ್ಟಿ ಕಪಾಟಿಗೆ ಸೇರಿಸಿ, ಫ್ಯಾನ್ ಹಾಕಿಕೊಂಡು, "ನಮ್ಮ ಕೋಳಿ ಕೂಗೇತಿ ನೋಡ್ರಿ, ಇಷ್ಟು ಮಂದಿ ಎದ್ದಾರ" ಅಂದರು. ಅವತ್ತಿನಿಂದ ನಾನು ಕೋಳಿ. ಸರ್ ನನಗೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿಟ್ಟಿದ್ದರು, ಅದನ್ನು ನಾನೇ ಮರೆತಿದ್ದೇನೆ. ಬಂದವರೆಲ್ಲ ಪರದೆಯ ಬಣ್ಣ ನೋಡಿ "ಭಾರಿ ಐತ್ರಿ" ಅನ್ನುತ್ತಿದ್ದರು. ಬಣ್ಣ ಬದಲಿಸಿದವನು ಯಾರೆಂದು ಒಬ್ಬರೂ ಕೇಳಲಿಲ್ಲ. ಇರಲಿ, ಸುಮಿತ್ರಕ್ಕನಿಗೆ ಗೊತ್ತಿತ್ತಲ್ಲ, ಸಾಕು.

ಅವರು ಫೋನ್ ಮಾಡುವ ರೀತಿಯೇ ಬೇರೆ. ರಕ್ತದ ಮಾತು ಕೊನೆಗೆ. ಮೊದಲು ಎಮ್ಮೆ ಕರು ಹಾಕಿತೇ, ಮಗಳ ಪರೀಕ್ಷೆ ಹೇಗಾಯಿತು, ಅತ್ತೆಯ ಮಂಡಿನೋವು ಹೇಗಿದೆ, ಎಲ್ಲ ಆಗಬೇಕು. ಇನ್ನೇನು ಫೋನ್ ಇಡಬೇಕು ಅನ್ನುವಾಗ, "ಮತ್ತ ನಿಮ್ಮದು ಹಸಿರು ಆಗೇತ್ರಿ, ನಾಳೆ ಬರ್ತೀರೇನು?" ಅನ್ನುತ್ತಿದ್ದರು. ಅವರಿಗೆ ಇಲ್ಲ ಅಂದವರು ಕಡಿಮೆ.

ಹಾಗೆ ಕರೆಸಿಕೊಳ್ಳುತ್ತಿದ್ದವರಲ್ಲಿ ಫಕ್ಕೀರಪ್ಪ ಒಬ್ಬ. ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಲಾರಿಗಳ ಸ್ಪ್ರಿಂಗ್ ಪಟ್ಟಿ ಕಟ್ಟುವವನು. ಆತನದು ಬಿ ನೆಗೆಟಿವ್, ಅಪರೂಪದ ಗುಂಪು. ನನ್ನ ಕೋಷ್ಟಕದಲ್ಲಿ ಆ ಗುಂಪಿನವರು ಐವರೇ ಇದ್ದರು. ಆ ಐವರಿಗಾಗಿ ಸುಮಿತ್ರಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು, ಯಾಕೆಂದರೆ ತನುಜಾ ಇದ್ದಳು. ಹಿರೇಕೆರೂರು ಕಡೆಯ ರೇಣವ್ವನ ನಾಲ್ಕು ವರ್ಷದ ಮಗಳು. ಥಲಸ್ಸೇಮಿಯಾ ಎಂಬ ಹುಟ್ಟುಕಾಯಿಲೆ. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗುವುದಿಲ್ಲ, ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಲೇಬೇಕು. ಅವಳಿಗೆ ಬೇಕಾದದ್ದು ಬಿ ನೆಗೆಟಿವ್. ಐವರಲ್ಲಿ ಒಬ್ಬರು ಕೊಟ್ಟು ಮಲಗುವ ಹೊತ್ತಿಗೆ ಇನ್ನೊಬ್ಬರು ಏಳುವಂತೆ ಸುಮಿತ್ರಕ್ಕ ಸರದಿ ಹೊಂದಿಸಿದ್ದರು. ಸರದಿ ತಪ್ಪಿದರೆ ಕೂಸಿನ ಜೀವಕ್ಕೇ ಬರುತ್ತಿತ್ತು. ರಕ್ತ ಯಾರಿಗೆ ಹೋಗುತ್ತದೆಂದು ಕೊಟ್ಟವರಿಗೆ ಹೇಳುವಂತಿಲ್ಲ, ಹಾಗಾಗಿ ಐವರಿಗೂ ಈ ಹುಡುಗಿಯ ವಿಷಯ ಗೊತ್ತಿರಲಿಲ್ಲ.

ಹೀಗಿರುವಾಗ ಆಯುಧ ಪೂಜೆ ಬಂತು.

ಆ ದಿನ ದುಡಿಯುವ ವಸ್ತುಗಳಿಗೆಲ್ಲ ಬಿಡುವು ಕೊಟ್ಟು, ತೊಳೆದು, ಪೂಜೆ ಮಾಡುವುದು ನಿಮಗೆ ಗೊತ್ತಿದ್ದದ್ದೇ. ಫ್ರಿಜ್ಜನ್ನು ಆರಿಸುವಂತಿಲ್ಲ, ಅದಕ್ಕೆ ಓಡುತ್ತಿರುವಾಗಲೇ ಕುಂಕುಮ ಹಚ್ಚಿದರು. ತಕ್ಕಡಿಗೆ, ಮಂಚಕ್ಕೆ, ಫೋನಿಗೆ ವಿಭೂತಿ ಆಯಿತು. ಕಂಪ್ಯೂಟರಿನ ಮುಂದೆ ಬಂದಾಗ ಸುಮಿತ್ರಕ್ಕನಿಗೆ ಮನಸ್ಸು ಕರಗಿತು. "ನಮ್ಮ ಕೋಳಿ ಒಂದಿನ ರಜಾ ಹಾಕಿಲ್ಲ. ಇವತ್ತರ ಆರಾಮ ಮಲಗಲಿ" ಎಂದು ತಮ್ಮ ಕೈಯಾರೆ ಯಂತ್ರ ಆರಿಸಿದರು. ಧೂಳು ಒರೆಸಿ, ಚೆಂಡು ಹೂವಿನ ಮಾಲೆ ಹಾಕಿ, ಎಡೆಗೆ ಒಂದು ಲೋಟ ಚಹಾ ಇಟ್ಟರು. ಈ ಊರಲ್ಲಿ ಯಾರಿಗೂ ಬೇಡದ ನನಗೆ ಇಷ್ಟು ಪ್ರೀತಿ ಸಿಕ್ಕಿದ್ದು ಅವತ್ತೇ. ಆ ಪ್ರೀತಿಯೇ ಮುಳುವಾಯಿತು.

ಮರುದಿನ ದಸರೆಯೂ ಮುಗಿದು ಯಂತ್ರ ಹಚ್ಚಿದರು. ಪರದೆ ಬೆಳಗಿತು, ಹೆಸರುಗಳು ಬಂದವು, ಎಲ್ಲ ಇದ್ದ ಹಾಗೇ ಇತ್ತು. ಕಾವಲುಗಾರ ಮಾತ್ರ ಬರಲಿಲ್ಲ. ಎಬ್ಬಿಸುವವರಿಲ್ಲದೆ ನಾನು ಮಲಗಿದಲ್ಲೇ ಮಲಗಿದೆ. ಮಲಗಿದವನಿಗೆ ತಾನು ಮಲಗಿದ್ದೇನೆ ಎಂದು ಎಲ್ಲಿ ಗೊತ್ತಾಗುತ್ತದೆ? ಮುಂದಿನದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು.

ಹಸಿರು ಹೆಸರುಗಳು ಒಂದೊಂದಾಗಿ ಕರಗತೊಡಗಿದವು. ಇದ್ದವರು ಬಂದು ಕೊಟ್ಟು ಕೆಂಪಾದರು, ಕೆಂಪಿದ್ದವರು ಹಸಿರಾಗಲಿಲ್ಲ. ಸುಮಿತ್ರಕ್ಕನಿಗೆ ಅನುಮಾನ ಬರಲಿಲ್ಲ. ಹಬ್ಬದ ಸಾಲು, ಹೀಗೇ ಇರುತ್ತದೆ ಎಂದುಕೊಂಡರು. ಕಾರ್ಡು ಹರಡಿ ತಾಳೆ ನೋಡುತ್ತಿದ್ದ ಹೆಂಗಸು ಒಂದು ವರ್ಷ ತುಂಬುವುದರೊಳಗೆ ಬಣ್ಣವನ್ನು ಅಷ್ಟು ನಂಬಿಬಿಟ್ಟಿದ್ದರು.

ಸೀಗಿ ಹುಣ್ಣಿಮೆ ಕಳೆದು ಕೆಲವು ದಿನಕ್ಕೆ ಫಕ್ಕೀರಪ್ಪ ತಾನಾಗಿ ಬಂದ. ಈ ಕಡೆ ಕೆಲಸವಿತ್ತಂತೆ, ಹಾಗೇ ಕೊಟ್ಟು ಹೋಗೋಣ ಎಂದು. ಸುಮಿತ್ರಕ್ಕ ಪರದೆ ನೋಡಿದರು.

"ನಿಮ್ಮದು ಇನ್ನೂ ಕೆಂಪೈತ್ರಿ ಫಕ್ಕೀರಪ್ಪ. ದಿನಾ ಮುಗದಿಲ್ಲ."

"ಮುಗದಾವ ಅಂತ ಅನಸ್ತೈತ್ರಿ ಅಕ್ಕಾರ."

"ಕಂಪ್ಯೂಟರ್ ಸುಳ್ಳು ಹೇಳತೈತೇನ್ರಿ?"

ಕಂಪ್ಯೂಟರಿನ ಜೊತೆ ವಾದ ಮಾಡುವುದು ಹೇಗೆಂದು ತಿಳಿಯದೆ ಫಕ್ಕೀರಪ್ಪ ಮೆಟ್ಟಿಲಿಳಿದು ಹೋದ.

ಆತ ಹೋದ ಒಂದು ತಾಸಿಗೆ ರೇಣವ್ವ ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಳು. ತನುಜಾಳ ತುಟಿ ಬಿಳಿಚಿಕೊಂಡಿತ್ತು, ಕರೆದರೆ ಕಣ್ಣಷ್ಟೇ ತೆರೆಯುತ್ತಿದ್ದಳು. ಎದುರಿನ ಆಸ್ಪತ್ರೆಯ ಡಾಕ್ಟರು ಇವತ್ತೇ ರಕ್ತ ಏರಿಸಬೇಕೆಂದು ಹೇಳಿ ಕಳಿಸಿದ್ದರು. ಸುಮಿತ್ರಕ್ಕ ಫ್ರಿಜ್ಜು ನೋಡಿದರು, ಆ ಗುಂಪಿನ ಚೀಲ ಒಂದೂ ಇರಲಿಲ್ಲ. ಪರದೆ ನೋಡಿದರು, ಐವರೂ ಕೆಂಪು. ದಾವಣಗೆರೆಗೆ ಫೋನ್ ಮಾಡಿದರು, ಹಾವೇರಿಗೆ ಮಾಡಿದರು, ಎಲ್ಲೂ ಇರಲಿಲ್ಲ. ಸರದಿ ಯಾವತ್ತೂ ತಪ್ಪಿರಲಿಲ್ಲ, ಈಗ ಯಾಕೆ ತಪ್ಪಿತು ಎಂದು ಅವರಿಗೆ ಅರ್ಥವಾಗಲಿಲ್ಲ.

"ಯಾವಾಗಿಂದ ಹಿಂಗ ಆಗ್ಯಾಳ?" ಎಂದು ಕೇಳಿದರು.

"ಸೀಗಿ ಹುಣ್ಣಿಮಿ ದಿನ ಹೊಲಕ್ಕ ಹೋಗಿದ್ವಿ ನೋಡ್ರಿ, ಭೂಮಿತಾಯಿಗೆ ಎಡಿ ಮಾಡಿ ಚರಗ ಚೆಲ್ಲಾಕ. ಅಲ್ಲಿತನಾ ಆಟ ಆಡಿಕೋಂತ ಬಂದ್ಲು. ಬರೋವಾಗ ನಡಿಯಾಕ ಒಲ್ಲೆ ಅಂದ್ಲು" ಅಂದಳು ರೇಣವ್ವ.

ಹುಣ್ಣಿಮೆಯ ಮಾತು ಕೇಳಿ ಸುಮಿತ್ರಕ್ಕನಿಗೆ ಇನ್ನೊಂದು ಹುಣ್ಣಿಮೆ ನೆನಪಾಯಿತು. ಫಕ್ಕೀರಪ್ಪ ಹಿಂದಿನ ಸಲ ಬಂದಾಗ ಒಂದು ಡಬ್ಬಿ ತಂದಿದ್ದ. ಕಡಲೆಬೇಳೆಯ ಹೂರಣ ತುಂಬಿದ ಕಡ್ಲಿಗಡಬು. ಅವತ್ತು ಕಡ್ಲಿಗಡಬಿನ ಹುಣ್ಣಿಮೆ, ಹೆಂಡತಿ ಕಟ್ಟಿ ಕಳಿಸಿದ್ದಳು. ಸುಮಿತ್ರಕ್ಕ ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳಿಟ್ಟು ಎಣಿಸಿದರು. ಕಡ್ಲಿಗಡಬಿನ ಹುಣ್ಣಿಮೆಯಿಂದ ನೂಲ ಹುಣ್ಣಿಮೆಗೆ ಒಂದು ತಿಂಗಳು. ಅಲ್ಲಿಂದ ಅನಂತನ ಹುಣ್ಣಿಮೆಗೆ ಎರಡು. ಸೀಗಿ ಹುಣ್ಣಿಮೆಗೆ ಮೂರು. ಅದರ ಮೇಲೆ ಇಷ್ಟು ದಿನ. ತೊಂಬತ್ತು ಮುಗಿದು ಹೋಗಿತ್ತು. ಕೊನೆಗೆ ಕೊಟ್ಟ ತಾರೀಕು ಇರುವ ಪುಟ ತೆರೆದು ನೋಡಿದರು. ಅದೂ ಹಾಗೇ ಹೇಳುತ್ತಿತ್ತು. ಬಣ್ಣ ಮಾತ್ರ ಕೆಂಪು.

ಕೂಡಲೇ ಫಕ್ಕೀರಪ್ಪನಿಗೆ ಫೋನ್ ಹೋಯಿತು. ಅವತ್ತು ಎಮ್ಮೆ, ಕರು, ಮಂಡಿನೋವು ಯಾವುದೂ ಇಲ್ಲ.

"ಎಲ್ಲಿದ್ದೀರಿ? ತಿರುಗಿ ಬರ್ರಿ. ತಪ್ಪಾಗೇತಿ. ಸಣ್ಣ ಕೂಸೈತ್ರಿ."

ಕೂಸಿನ ಮಾತು ಹೇಳಬಾರದಿತ್ತು, ಅದು ನಿಯಮಕ್ಕೆ ವಿರುದ್ಧ. ಬಾಯಿತಪ್ಪಿ ಬಂದುಬಿಟ್ಟಿತು.

ಫಕ್ಕೀರಪ್ಪ ಮೋಟೆಬೆನ್ನೂರಿನ ಹತ್ತಿರ ಕೆಟ್ಟು ನಿಂತ ಲಾರಿಯ ಕೆಳಗಿದ್ದ. ಅದನ್ನು ಜಾಕಿನ ಮೇಲೆ ಹಾಗೇ ಬಿಟ್ಟು, ಜೊತೆಗಾರನಿಗೆ ಒಪ್ಪಿಸಿ, ಸಿಕ್ಕ ಟೆಂಪೋ ಹತ್ತಿ ಬಂದ. ಮೊಣಕೈವರೆಗೆ ಗ್ರೀಸು. ಸುಮಿತ್ರಕ್ಕ ತಾವೇ ಸೋಪು ಹಾಕಿ ಆತನ ತೋಳು ತಿಕ್ಕಿದರು. ತಿಕ್ಕುತ್ತ ಬೈಯುತ್ತಿದ್ದರು, ಆತನನ್ನಲ್ಲ, ತಮ್ಮನ್ನು. ಪರೀಕ್ಷೆಗಳೆಲ್ಲ ಮುಗಿದು ಸಂಜೆಯ ಹೊತ್ತಿಗೆ ಎದುರಿನ ಆಸ್ಪತ್ರೆಯಲ್ಲಿ ತನುಜಾಳಿಗೆ ರಕ್ತ ಏರತೊಡಗಿತು. ತುಟಿಗೆ ಬಣ್ಣ ಬರುವವರೆಗೂ ಸುಮಿತ್ರಕ್ಕ ಅಲ್ಲಿಂದ ಏಳಲಿಲ್ಲ.

ಸುದ್ದಿ ಕೇಳಿ ಓಡಿ ಬಂದ ಸೌದಾಗರ ಸರ್ ಒಂದು ನಿಮಿಷದಲ್ಲಿ ಯಂತ್ರದ ರೋಗ ಪತ್ತೆ ಹಚ್ಚಿದರು. ಕಾವಲುಗಾರನನ್ನು ಮತ್ತೆ ಕೆಲಸಕ್ಕೆ ಹಚ್ಚಿ, ಈ ಸಲ ಬರೆಯಬೇಕಾದಲ್ಲಿ ಬರೆದಿಟ್ಟರು. "ಇನ್ನ ಹತ್ತು ಸಲ ಆರಿಸಿ ಹಚ್ಚಿದ್ರೂ ಏಳತೈತ್ರಿ" ಎಂದು ಭರವಸೆ ಕೊಟ್ಟು ಹೋದರು. ಮರುದಿನ ಆರಕ್ಕೆ ಕಾವಲುಗಾರ ನನ್ನನ್ನು ತಟ್ಟಿ ಎಬ್ಬಿಸಿದ. ನಾನು ಹೇಳಿದಷ್ಟು ಮಾಡಿದೆ: ಇವತ್ತಿಗೆ ಸರಿಯಾಗಿ ಬಿಡುವು ಮುಗಿದವರು ಇಬ್ಬರಿದ್ದರು, ಹಸಿರು ಮಾಡಿದೆ. ನಾನು ಮಲಗಿದ್ದಾಗ ಬಿಡುವು ಮುಗಿದವರ ಕಡೆ ತಿರುಗಿಯೂ ನೋಡಲಿಲ್ಲ. ನೋಡು ಎಂದು ಯಾರೂ ಹೇಳಿರಲಿಲ್ಲ. ಅವರ ದಿನ ಕಳೆದುಹೋಗಿತ್ತು, ಇನ್ನು ಎಷ್ಟು ಬೆಳಗಾದರೂ ಅವರು ಕೆಂಪಾಗಿಯೇ ಉಳಿಯುತ್ತಿದ್ದರು.

ಇದನ್ನು ಹಿಡಿದವರೂ ಸುಮಿತ್ರಕ್ಕನೇ. ಈಗ ಅವರು ಯಾವ ಬಣ್ಣವನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. "ಸರ್, ಕೋಳಿ ಎದ್ದೈತಿ ಖರೆ. ಆದ್ರ ಅದು ಮಲಗಿದ್ದಾಗಿನ ಮಂದಿ ಹಂಗ ಉಳದಾರ್ರಿ" ಎಂದು ಫೋನ್ ಮಾಡಿದರು. ಸರ್ ಹಣೆ ಚಚ್ಚಿಕೊಂಡು ಬಂದು ನನ್ನ ಒಂದೇ ಒಂದು ಮಾತು ತಿದ್ದಿದರು. 'ಇವತ್ತಿಗೆ ಸರಿಯಾಗಿ' ಎಂದಿದ್ದದ್ದು 'ಇವತ್ತಿಗೆ ಅಥವಾ ಅದಕ್ಕೂ ಮೊದಲು' ಎಂದಾಯಿತು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಪರದೆಯ ಅರ್ಧಕ್ಕರ್ಧ ಹಸಿರಾಯಿತು. ಸುಮಿತ್ರಕ್ಕ ಊಟವನ್ನೂ ಬಿಟ್ಟು ಫೋನ್ ಮಾಡುತ್ತ ಕೂತರು. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ಬೆಳಗು ಇನ್ನೊಂದಿಲ್ಲ. ಬಿಟ್ಟುಹೋದವರನ್ನು ಹಿಂದಿರುಗಿ ನೋಡುವ ಅಭ್ಯಾಸ ನನಗೆ ಬಂದದ್ದು ಅವತ್ತಿನಿಂದ.

ಮುಂದಿನ ವರ್ಷ ಆಯುಧ ಪೂಜೆಗೆ ಸುಮಿತ್ರಕ್ಕ ಮತ್ತೆ ಆರಿಸಿದರು. ಬಿಡುತ್ತಾರೆಯೇ? "ದುಡಿಯೋ ವಸ್ತು, ಒಂದಿನ ಮಲಗಲಿ ಬಿಡ್ರಿ. ಎದ್ದೈತೋ ಇಲ್ಲೋ ನಾ ನೋಡ್ತೀನಿ" ಎಂದು ಸರ್‌ಗೆ ಹೇಳಿದರು. ಮರುದಿನ ಆರು ಗಂಟೆಗೆ ಮುಂಚೆಯೇ ಬಂದು, ಬಾಗಿಲು ತೆಗೆದು, ಯಂತ್ರ ಹಚ್ಚಿ ಎದುರಿಗೇ ಕೂತರು. ನಾನು ಎದ್ದೆ. ಅವರು ಚಹಾ ಕುಡಿದರು.

ಆಮೇಲಿನ ವರ್ಷಗಳು ಚೆನ್ನಾಗಿಯೇ ಕಳೆದವು. ಸೌದಾಗರ ಸರ್‌ಗೆ ವಿಜಯಪುರಕ್ಕೆ ವರ್ಗವಾಯಿತು. ಹೋಗುವ ಮುನ್ನ ಹೊಸ ಕಂಪ್ಯೂಟರ್ ತರಿಸಿ, ಕೋಷ್ಟಕದ ಜೊತೆ ನನ್ನನ್ನೂ ಅದಕ್ಕೆ ಸಾಗಿಸಿದರು. ಮನೆ ಬದಲಾದರೂ ಕೆಲಸ ಅದೇ. ನಂತರ ಯಂತ್ರ ನೋಡಿಕೊಳ್ಳಲು ಬಂದ ಪ್ರದೀಪ ಎಂಬಾತ ನನ್ನನ್ನು ಕಂಡು ಇದು ಯಾವುದೋ ಬೇಡದ ಕಸ ಎಂದು ಅಳಿಸಲು ಹೊರಟಿದ್ದ. ಸುಮಿತ್ರಕ್ಕ ಆತನ ಕೈ ಹಿಡಿದೇ ಬಿಟ್ಟರು. "ಅದನ್ನ ಮುಟ್ಟಬ್ಯಾಡಪಾ, ಅದು ನಮ್ಮ ಮನಿಮಂದಿ" ಅಂದರು. ಕಂಪ್ಯೂಟರ್ ಓದಿದ ಆತನಿಗೆ ಇಂಥದೊಂದು ಸಂಬಂಧ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲವೇನೋ, ಕಕ್ಕಾಬಿಕ್ಕಿಯಾದ.

ತನುಜಾ ಬೆಳೆದಳು, ಶಾಲೆಗೆ ಹೋದಳು. ಅವಳಿಗೊಬ್ಬ ತಮ್ಮ ಹುಟ್ಟಿದ್ದ. ಅವನ ಅಸ್ಥಿಮಜ್ಜೆ ಅಕ್ಕನಿಗೆ ಹೊಂದುತ್ತದೆ ಎಂದು ಬೆಂಗಳೂರಿನ ಆಸ್ಪತ್ರೆಯವರು ಹೇಳಿದರು. ಅದನ್ನು ಅವಳಿಗೆ ಹಾಕಿ, ಮೈಗೆ ಹಿಡಿದರೆ ಅವಳ ಮೈಯೇ ರಕ್ತ ಮಾಡಿಕೊಳ್ಳುತ್ತದೆ, ಹಿಡಿಯದಿದ್ದರೆ ಏನಾಗುತ್ತದೆಂದು ಡಾಕ್ಟರು ಪೂರ್ತಿ ಹೇಳಲಿಲ್ಲ. ರೇಣವ್ವ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋದಳು. ಮೂರು ವಾರ ಕಳೆಯಿತು, ಆರು ವಾರ ಕಳೆಯಿತು, ತಿಂಗಳುಗಳು ಕಳೆದವು. ನಾನು ಬೆಳಿಗ್ಗೆ ಎದ್ದು ಬಿ ನೆಗೆಟಿವ್ ಹೆಸರುಗಳನ್ನು ಹಸಿರು ಮಾಡುತ್ತಿದ್ದೆ, ಅವು ಹಸಿರಾಗಿಯೇ ಉಳಿಯುತ್ತಿದ್ದವು. ಸುಮಿತ್ರಕ್ಕ ಅವುಗಳನ್ನು ನೋಡಿ ನೋಡಿ ಕಣ್ಣು ತಿರುಗಿಸುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ರೇಣವ್ವನ ಫೋನ್ ಬಂತು. ಸುಮಿತ್ರಕ್ಕ ಕೇಳುತ್ತಲೇ ಇದ್ದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಇನ್ನು ತನುಜಾಳಿಗೆ ಯಾರ ರಕ್ತವೂ ಬೇಡ.

ಅದೇ ಹೊತ್ತಿಗೆ ನನ್ನ ಕಾಲವೂ ಮುಗಿಯುತ್ತ ಬಂದಿತ್ತು. ರಕ್ತನಿಧಿಗಳನ್ನೆಲ್ಲ ಒಂದೇ ಕಡೆ ಜೋಡಿಸುವ ಹೊಸ ವ್ಯವಸ್ಥೆ ಬರುತ್ತಿತ್ತು. ಹೆಸರುಗಳೆಲ್ಲ ಅಲ್ಲಿಗೆ ಹೋಗುತ್ತವೆ, ಎಬ್ಬಿಸುವವರೂ ಅಲ್ಲೇ ಇರುತ್ತಾರೆ. ಮುಂದಿನ ಸೋಮವಾರದಿಂದ ನನ್ನನ್ನು ನಿಲ್ಲಿಸುವುದು ಎಂದು ತೀರ್ಮಾನವಾಯಿತು.

ಆ ವಾರವೇ ಫಕ್ಕೀರಪ್ಪ ಬಂದ. ಈ ಸಲವೂ ಯಾರೂ ಕರೆದಿರಲಿಲ್ಲ. ಕೂದಲು ಅರ್ಧ ನರೆತಿತ್ತು. ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ಬರ್ರಿ ಫಕ್ಕೀರಪ್ಪ, ಯಾಕ ಅಲ್ಲೇ ನಿಂತ್ರಿ?" ಅಂದರು ಸುಮಿತ್ರಕ್ಕ.

"ಭಾಳ ದಿನ ಆತ್ರಿ, ಫೋನ್ ಬರಲಿಲ್ಲ."

"ಹೌದ್ರಿ."

ಆತ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಕೇಳಬಾರದು, ಗೊತ್ತೈತ್ರಿ. ಅವತ್ತು ನೀವು ಕೂಸು ಅಂದಿದ್ರಿ. ಅವತ್ತಿಂದ ಫೋನ್ ಬಂದಾಗೆಲ್ಲ, ಕೂಸು ಐತಿ ಅಂತ ತಿಳಕೋತಿದ್ದೆ. ಈಗ ಬರವಲ್ದು. ಕೂಸು ಹೋತೇನ್ರಿ?"

ಸುಮಿತ್ರಕ್ಕ ಕುರ್ಚಿಯಿಂದ ಎದ್ದು ನಿಂತರು. ಇಷ್ಟು ತಿಂಗಳು ಫೋನ್ ಮಾಡದೆ ಬಿಟ್ಟಾಗ ಆ ಕಡೆ ಒಬ್ಬ ಹೀಗೆ ಕಾಯುತ್ತಿರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ನಿಯಮವನ್ನು ಎರಡನೆಯ ಸಲ ಮುರಿದರು.

"ಇಲ್ರಿ. ಆರಾಮಾಗ್ಯಾಳ. ಇನ್ನ ಯಾರ ರಕ್ತಾನೂ ಬೇಕಾಗಿಲ್ಲ ಆಕಿಗೆ. ಸಾಲಿಗೆ ಹೊಂಟಾಳ."

ಫಕ್ಕೀರಪ್ಪ ಅಲ್ಲೇ ಬೆಂಚಿನ ಮೇಲೆ ಕೂತ. ಟೊಪ್ಪಿಗೆಯಿಂದ ಮುಖ ಒರೆಸಿಕೊಂಡ. ಸುಮಿತ್ರಕ್ಕ ನೀರು ಕೊಟ್ಟರು, ಕುಡಿದ. ಆಮೇಲೆ ತೋಳು ಮಡಿಚತೊಡಗಿದ.

"ಹೆಂಗೂ ಬಂದೀನಿ. ತಗೋರಿ" ಅಂದ.

ಕೊಟ್ಟು ಹೋದ. ಸುಮಿತ್ರಕ್ಕ ತಾರೀಕು ಬರೆದರು, ಹೆಸರು ಕೆಂಪಾಯಿತು. ಆತನ ಬಿಡುವು ಮುಗಿಯುವ ಬೆಳಗಿನಲ್ಲಿ ಎಬ್ಬಿಸಲು ನಾನಿರುವುದಿಲ್ಲ. ಸೋಮವಾರ ಪ್ರದೀಪ ಬಂದು ನನ್ನನ್ನು ನಿಲ್ಲಿಸಿದ. ಅಳಿಸಲಿಲ್ಲ, ಸುಮಿತ್ರಕ್ಕ ಬಿಡಲಿಲ್ಲ. ಈಗ ಹಳೆಯ ಯಂತ್ರದೊಳಗೆ, ಕಪಾಟಿನ ಮೇಲೆ, ಬಟ್ಟೆ ಹೊದ್ದು ಮಲಗಿದ್ದೇನೆ. ಆಯುಧ ಪೂಜೆಗೆ ಒಂದು ಹೂ ಸಿಗುತ್ತದೆ.

ನನ್ನ ಕೋಷ್ಟಕದಲ್ಲಿ ಇದ್ದದ್ದು ಕೊಡುವವರ ಹೆಸರು ಮಾತ್ರ. ಪಡೆದವರ ಹೆಸರು ಅಲ್ಲಿ ಒಂದೂ ಇರಲಿಲ್ಲ. ತನುಜಾ ಎಂಬ ಹೆಸರನ್ನೂ ನಾನು ಮಾತಿನಲ್ಲಿ ಕೇಳಿದ್ದೇ ಹೊರತು ಓದಲಿಲ್ಲ. ಅಷ್ಟು ವರ್ಷ ನಾನು ಎದ್ದದ್ದು ಕಾಣದ ಮಂದಿಗಾಗಿ. ಆ ಕೊನೆಯ ವಾರ ಫಕ್ಕೀರಪ್ಪ ಕೊಟ್ಟ ರಕ್ತ ಯಾರಿಗೆ ಹೋಯಿತೋ ನನಗೆ ಗೊತ್ತಿಲ್ಲ. ಆತನೂ ಕೇಳಲಿಲ್ಲ.